ದೋಷ ಹೊರಿಸುವ ಮುನ್ನ ಕಾರಣ ಹುಡುಕೋಣ



ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವು ನಮ್ಮ ಹಿರಿಯ ಓದುಗರಿಗೆ ತುಸು ಅಪರಿಚಿತವೆನಿಸಬಹುದು. ಆದರೆ ಹರೆಯದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ತಂದೆ-ಮಕ್ಕಳ ಮುನಿಸಿಗೆ ಕಾರಣವಾಗುತ್ತಿರುವ ವಿಷಯವಿದು. ಮಗನು ಹಟ ಹಿಡಿದು, ಆಟಗಳನ್ನಾಡಲು ತಕ್ಕ ಶಕ್ತಿಯುಳ್ಳ ಹೊಸ ಕಂಪ್ಯೂಟರನ್ನು ಕೇಳುತ್ತಾನೆ. ಓದಿಗೂ ಒದಗೀತೆಂದು ತಂದೆಯವರು ಕೂಡಿಟ್ಟ ಹಣವನ್ನು ತೆಗೆದುಕೊಡುತ್ತಾರೆ. ಯಂತ್ರ ಮನೆಗೆ ಬಂದು ತಿಂಗಳು ತುಂಬುವುದರೊಳಗೆ ಒಂದು ಸಂಜೆ ಪರದೆಯೆಲ್ಲ ನೀಲಿಯಾಗಿ, ಅರ್ಥವಾಗದ ಒಂದೆರಡು ಸಾಲು ಮೂಡಿ, ಯಂತ್ರ ತಾನಾಗಿಯೇ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಮರುದಿನವೂ ಅದೇ ಕಥೆ. "ಆ ಹಾಳು ಆಟಗಳಿಂದಲೇ ಕೆಟ್ಟಿತು" ಎನ್ನುತ್ತಾರೆ ತಂದೆ. "ಅಂಗಡಿಯವರು ಹಳೆಯ ಸಾಮಾನು ಹಾಕಿ ಮೋಸ ಮಾಡಿದ್ದಾರೆ" ಎನ್ನುತ್ತಾನೆ ಮಗ. "ನಿಮ್ಮ ಮನೆಯ ಕರೆಂಟೇ ಸರಿಯಿಲ್ಲ" ಎನ್ನುತ್ತಾರೆ ಅಂಗಡಿಯವರು. ಮೂವರೂ ತೀರ್ಪು ಕೊಟ್ಟಾಯಿತು. ವಿಚಾರಣೆಯನ್ನು ಮಾತ್ರ ಒಬ್ಬರೂ ನಡೆಸಿಲ್ಲ.

ಮೊದಲು ಈ ನೀಲಿ ಪರದೆ ಏನೆಂಬುದನ್ನು ತಿಳಿಯೋಣ. ವಿಂಡೋಸ್ ಎಂಬ ಕಾರ್ಯವ್ಯವಸ್ಥೆಯ ಒಳತಿರುಳಿನಲ್ಲಿ ಸರಿಪಡಿಸಲಾಗದ ತಪ್ಪೊಂದು ಕಂಡುಬಂದಾಗ, ಮುಂದುವರಿದರೆ ನಮ್ಮ ಕಡತಗಳೇ ಕೆಟ್ಟಾವೆಂಬ ಎಚ್ಚರದಿಂದ ಅದು ಬೇಕೆಂದೇ ತನ್ನ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ನಿಲ್ಲುವ ಮುನ್ನ, ಏನು ನಡೆಯಿತೆಂಬುದರ ಸಂಕ್ಷಿಪ್ತ ದಾಖಲೆಯನ್ನು ಸಾಮಾನ್ಯವಾಗಿ ಬರೆದಿಡುತ್ತದೆ. ಆದ್ದರಿಂದ ನೀಲಿ ಪರದೆ ಸ್ವತಃ ರೋಗವಲ್ಲ. ಮೈಗೆ ಬಂದ ಜ್ವರದಂತೆ ಒಳಗಿನ ರೋಗದ ಸೂಚನೆ. ಜ್ವರ ಬಂದ ಮಗುವನ್ನು ಯಾರೂ ಗದರಿಸುವುದಿಲ್ಲ. ಈ ಪರದೆಗೆ ದೊಡ್ಡವರು ಚಿಕ್ಕವರೆಂಬ ಭೇದವೂ ಇಲ್ಲ. 1998ರ ಏಪ್ರಿಲ್ ತಿಂಗಳಲ್ಲಿ ಷಿಕಾಗೋ ನಗರದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ವಿಂಡೋಸ್ ತಯಾರಿಸುವ ಸಂಸ್ಥೆಯ ಆಗಿನ ಮುಖ್ಯಸ್ಥರಾದ ಬಿಲ್ ಗೇಟ್ಸರ ಸಮ್ಮುಖದಲ್ಲೇ, ಸ್ಕ್ಯಾನರೊಂದನ್ನು ಜೋಡಿಸುತ್ತಲೇ ಅದು ಕಾಣಿಸಿಕೊಂಡಿತ್ತು. 2025ರಲ್ಲಿ ಬಂದ ಪರಿಷ್ಕರಣದಿಂದೀಚೆಗೆ ವಿಂಡೋಸ್ 11ರಲ್ಲಿ ಈ ಪರದೆಯ ಬಣ್ಣ ಕಪ್ಪಾಗಿದೆ. ಬಣ್ಣ ಬದಲಾದರೂ ಅರ್ಥ ಬದಲಾಗಿಲ್ಲ.

ಇನ್ನು ಆಟಗಳ ಮೇಲಿನ ಆರೋಪ. ಸಾಮಾನ್ಯವಾದ ಆಟದ ತಂತ್ರಾಂಶಕ್ಕೆ ವಿಂಡೋಸಿನ ಗರ್ಭಗುಡಿಯೊಳಗೆ ಪ್ರವೇಶವಿಲ್ಲ. ಅದು ಹೊರಗಿನ ಅಂಗಳದಲ್ಲಿ ನಡೆಯುವ ವ್ಯವಹಾರ. ಆಟ ಕೆಟ್ಟರೆ ಆಟವೊಂದೇ ಮುಚ್ಚಿಕೊಳ್ಳಬೇಕು. ಗರ್ಭಗುಡಿಗೆ ಪ್ರವೇಶವಿರುವುದು ಗ್ರಾಫಿಕ್ಸ್ ಕಾರ್ಡ್ ಮೊದಲಾದ ಬಿಡಿಭಾಗಗಳನ್ನು ನಡೆಸುವ ಡ್ರೈವರುಗಳಿಗೆ, ಕೆಲವು ವೈರಸ್-ನಿರೋಧಕಗಳಿಗೆ, ಮತ್ತು ಆಟದಲ್ಲಿ ಮೋಸ ನಡೆಯದಂತೆ ಕಾಯಲು ಕೆಲವು ಆಟಗಳೊಡನೆ ಬರುವ ಕಾವಲು ತಂತ್ರಾಂಶಗಳಿಗೆ. ಇವುಗಳಲ್ಲಿ ದೋಷವಿದ್ದರೆ ಇಡೀ ಯಂತ್ರ ನಿಲ್ಲಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ತಪ್ಪು ಪರಿಷ್ಕರಣದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಗೆ ಬಂದು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಪ್ರವೇಶಚೀಟಿ ಕೊಡಬೇಕಾಗಿ ಬಂದುದನ್ನು ಓದುಗರು ಮರೆತಿರಲಾರರು. ಅಲ್ಲಿ ಯಾರೂ ಆಟವಾಡುತ್ತಿರಲಿಲ್ಲ. ಆಟವಾಡುವಾಗಲೇ ಮನೆಯ ಯಂತ್ರ ನಿಲ್ಲುವುದೇಕೆಂದರೆ, ಆಟವು ಎಲ್ಲ ಬಿಡಿಭಾಗಗಳಿಂದಲೂ ಒಮ್ಮೆಲೇ ಪೂರ್ಣ ದುಡಿಮೆಯನ್ನು ಬೇಡುತ್ತದೆ. ಹೊರೆ ಹೆಚ್ಚಿದಾಗ ಎತ್ತಿನ ಕುಂಟು ಹೊರಬೀಳುತ್ತದೆ. ಕುಂಟನ್ನು ಹೊರೆಯೇ ಹುಟ್ಟಿಸಿತೆನ್ನಲಾಗದು.

ದೋಷವನ್ನು ಆತುರದಿಂದ ಹೊರಿಸಿದರೆ ಏನಾಗುತ್ತದೆಂಬುದಕ್ಕೆ ಇತ್ತೀಚಿನ ದೊಡ್ಡ ನಿದರ್ಶನವೊಂದಿದೆ. ಇಂಟೆಲ್ ಸಂಸ್ಥೆಯು 2022 ಮತ್ತು 2023ರಲ್ಲಿ ಹೊರತಂದ 13 ಮತ್ತು 14ನೆಯ ಪೀಳಿಗೆಯ ಮೇಜುಗಣಕದ ಪ್ರೊಸೆಸರುಗಳನ್ನು ಕೊಂಡ ಅನೇಕರ ಹೊಸ ಯಂತ್ರಗಳು ಆಟದ ನಡುವೆ ನಿಲ್ಲತೊಡಗಿದವು. ಕೆಲವು ಆಟಗಳಲ್ಲಿ ಪರದೆಯ ಮೇಲೆ ಮೂಡುತ್ತಿದ್ದ ಸಂದೇಶ, ಗ್ರಾಫಿಕ್ಸ್ ಕಾರ್ಡಿನ ಸ್ಮೃತಿ ಸಾಲದಾಗಿದೆ ಎಂಬುದು. ಅದನ್ನು ನಂಬಿದವರು ಗ್ರಾಫಿಕ್ಸ್ ಕಾರ್ಡನ್ನು ದೂರಿದರು. ಕೊನೆಗೆ 2024ರ ಏಪ್ರಿಲ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ತಯಾರಕರಾದ ಎನ್ವಿಡಿಯಾದವರೇ, ಇಂಥ ತೊಂದರೆಯುಳ್ಳವರು ಇಂಟೆಲ್‌ನವರನ್ನು ವಿಚಾರಿಸಬೇಕೆಂದು ಸೂಚಿಸಿದರು. ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು: ಪ್ರೊಸೆಸರಿನ ಒಳಗಿನ ಸೂಚನಾಕ್ರಮದಲ್ಲಿದ್ದ ತಪ್ಪಿನಿಂದ ಅದು ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜನ್ನು ಬೇಡುತ್ತಿತ್ತು. ಹೆಚ್ಚಿನ ವೋಲ್ಟೇಜು ಮತ್ತು ಉಷ್ಣದಿಂದ ಒಳಗಿನ ಮಂಡಲವೊಂದು ಕಾಲಕ್ಕೆ ಮುನ್ನವೇ ಸವೆಯುತ್ತಿತ್ತು. ಆ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ತಿದ್ದುಪಡಿಗಳು ಬಂದವು. ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಲಾಯಿತು. ಆದರೆ ಆ ತಿದ್ದುಪಡಿ ಮುಂದಿನ ಸವೆತವನ್ನು ತಡೆಯಬಲ್ಲದೇ ಹೊರತು ಆಗಲೇ ಸವೆದುದನ್ನು ಸರಿಪಡಿಸಲಾರದು. ಅಂಥ ಪ್ರೊಸೆಸರನ್ನು ಬದಲಾಯಿಸಿಕೊಳ್ಳಲೇಬೇಕು. ಯಂತ್ರದ ಸಂದೇಶವು ಒಂದು ಭಾಗವನ್ನು ತೋರಿಸುತ್ತಿತ್ತು, ದೋಷ ಮತ್ತೊಂದರಲ್ಲಿತ್ತು. ಮನುಷ್ಯರ ವಿಷಯದಲ್ಲಿಯೂ ಎಷ್ಟೋ ಸಲ ಹೀಗೆಯೇ ಅಲ್ಲವೆ?

ಹಾಗಾದರೆ ಮನೆಯವರು ಮಾಡಬೇಕಾದುದೇನು?

ಮೊದಲನೆಯದು, ಬರೆದಿಡುವುದು. ಒಂದು ನೋಟುಪುಸ್ತಕವನ್ನು ಯಂತ್ರದ ಪಕ್ಕದಲ್ಲೇ ಇಡಿ. ಪರದೆ ನಿಂತಾಗಲೆಲ್ಲ ಮೊಬೈಲಿನಿಂದ ಅದರ ಚಿತ್ರ ತೆಗೆದು, ದಿನಾಂಕ, ಹೊತ್ತು, ಆಗ ನಡೆಯುತ್ತಿದ್ದ ಕೆಲಸ, ಪರದೆಯ ಮೇಲಿನ ದೋಷದ ಹೆಸರು ಇಷ್ಟನ್ನೂ ಬರೆಯಿರಿ. ವಿಂಡೋಸಿನಲ್ಲಿ ರಿಲಯಬಿಲಿಟಿ ಮಾನಿಟರ್ ಎಂಬ ದಿನಚರಿಯೂ ಇದೆ. ಯಾವ ದಿನ ಏನನ್ನು ಹಾಕಲಾಯಿತು, ಯಾವ ದಿನ ಯಂತ್ರ ನಿಂತಿತು ಎಂಬುದು ಅಲ್ಲಿ ಸಾಲಾಗಿ ಕಾಣುತ್ತದೆ. ಇವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ನಮೂದನ್ನು ಕಂಡು ಪವರ್ ಸಪ್ಲೈ ಕೆಟ್ಟಿದೆಯೆಂದು ತೀರ್ಮಾನಿಸುವವರುಂಟು. ಯಂತ್ರವು ಕ್ರಮವಾಗಿ ಮುಚ್ಚದೆ ನಿಂತಿತೆಂಬುದಷ್ಟೇ ಅದರ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ.

ಎರಡನೆಯದು, ಬರೆದುದನ್ನು ಓದುವುದು. ಪ್ರತಿ ಸಲವೂ ಒಂದೇ ದೋಷದ ಹೆಸರು, ಒಂದೇ ಡ್ರೈವರಿನ ಹೆಸರು ಬರುತ್ತಿದ್ದರೆ ಮೊದಲು ಆ ಡ್ರೈವರನ್ನು ತೆಗೆದು ತಯಾರಕರಿಂದ ಹೊಸದನ್ನು ಹಾಕಿ ನೋಡಬೇಕು. ಪ್ರತಿ ಸಲ ಬೇರೆ ಬೇರೆ ಹೆಸರು ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡುವುದು ನ್ಯಾಯ; ಸ್ಮೃತಿಯೇ ತಪ್ಪಿದರೆ ಅದನ್ನು ನಂಬಿದ ಎಲ್ಲರ ಲೆಕ್ಕವೂ ತಪ್ಪುತ್ತದೆ.

ಮೂರನೆಯದು, ರ‍್ಯಾಮ್ ಪರೀಕ್ಷೆ. ಡಬ್ಬಿಯ ಮೇಲೆ 6000 ಎಂದು ಬರೆದಿರುವ ಡಿಡಿಆರ್5 ರ‍್ಯಾಮ್ ತಾನಾಗಿ ಆ ವೇಗದಲ್ಲಿ ಓಡುವುದಿಲ್ಲ. 4800ರ ಆಸುಪಾಸಿನ ಸಾಮಾನ್ಯ ವೇಗದಿಂದ ಅದನ್ನು ಮೇಲಕ್ಕೇರಿಸಲು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಚಾಲೂ ಮಾಡಿರುತ್ತಾರೆ. ಅದನ್ನು ಕೆಲದಿನ ಬಂದ್ ಮಾಡಿ ನೋಡಿ. ಆಮೇಲೆ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ನಡೆಸಿ. ಒಂದೇ ಒಂದು ತಪ್ಪು ಕಂಡರೂ ಅಲಕ್ಷಿಸುವಂತಿಲ್ಲ. ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿದಾಗ ತಪ್ಪಿತಸ್ಥ ಯಾವುದೆಂದು ತಿಳಿಯುತ್ತದೆ.

ಉಳಿದವನ್ನು ಚಿಕ್ಕದಾಗಿ ಹೇಳಬಹುದು. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ತಂತಿ ಪೂರ್ತಿ ಕೂತಿದೆಯೇ ನೋಡಿ. ಪ್ರೊಸೆಸರಿನ ಮೇಲಿನ ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚದೆಯೇ ಜೋಡಿಸಿದ ಉದಾಹರಣೆಗಳೂ ಇವೆ; ಉಷ್ಣತೆ ವಿಪರೀತವಾಗಿದ್ದರೆ ಜೋಡಿಸಿದವರನ್ನೇ ಕೇಳಿ. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಬಲ್ಲ ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಿಕೊಳ್ಳಿ. ಬಯೋಸ್ ಪರಿಷ್ಕರಿಸುವಾಗ ಕರೆಂಟು ಹೋದರೆ ಮದರ್‌ಬೋರ್ಡೇ ಏಳದಂತಾದೀತು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು. ಐದನ್ನು ಒಟ್ಟಿಗೆ ಬದಲಾಯಿಸಿ ಯಂತ್ರ ಸರಿಹೋದರೂ, ಯಾವುದರಿಂದ ಸರಿಹೋಯಿತೆಂದು ತಿಳಿಯದವನು ಏನನ್ನೂ ಕಲಿತಂತಾಗಲಿಲ್ಲ.

ನಮ್ಮ ಪರಿಚಯದ ಮನೆಯೊಂದರಲ್ಲಿ ಹೀಗೆಯೇ ನಡೆಯಿತು. ವಾರದಲ್ಲಿ ನಾಲ್ಕು ಸಲ ಪರದೆ ನಿಂತಿತು, ನಾಲ್ಕೂ ಸಲ ಬೇರೆ ಹೆಸರು. ತಂದೆಯವರ ಕೋಪಕ್ಕೆ ಅಂಜಿ ಹುಡುಗನು ತಾನು ಬಯೋಸ್‌ನಲ್ಲಿ ವೇಗ ಹೆಚ್ಚಿಸಿದ್ದ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಅದೇ ತಪ್ಪೆಂದು ತಾನೇ ನಂಬಿ ಒಳಗೊಳಗೇ ಬೇಯುತ್ತಿದ್ದ. ಅಜ್ಜಿಯವರೊಬ್ಬರು ಮಾತ್ರ, "ಬೈಯೋದು ಆಮೇಲೆ ಇರಲಿ, ಮೊದಲು ಏನಾಗೇತಿ ಅಂತ ಅವನ ಬಾಯಿಲೇ ಕೇಳ್ರಿ" ಎಂದರು. ಹುಡುಗ ಎಲ್ಲವನ್ನೂ ಹೇಳಿದ. ವೇಗವನ್ನು ಮೊದಲಿನಂತೆ ಇಳಿಸಿದರೂ ಯಂತ್ರ ನಿಂತಿತು. ರಾತ್ರಿ ಪರೀಕ್ಷೆಗಿಟ್ಟಾಗ ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದು ಹುಟ್ಟಿನಿಂದಲೇ ದೋಷಯುಕ್ತವೆಂದು ತಿಳಿದುಬಂತು. ಪರೀಕ್ಷೆಯ ಚಿತ್ರವನ್ನು ಕಂಡ ಅಂಗಡಿಯವರು ಮರುಮಾತಿಲ್ಲದೆ ಖಾತರಿಯಲ್ಲಿ ಬದಲಾಯಿಸಿಕೊಟ್ಟರು. ಹುಡುಗನ ತಪ್ಪೂ ಇರಲಿಲ್ಲ, ಅಂಗಡಿಯವರ ಮೋಸವೂ ಇರಲಿಲ್ಲ, ಮನೆಯ ಕರೆಂಟೂ ಚೆನ್ನಾಗಿತ್ತು.

ತಂದೆ-ತಾಯಂದಿರು ಗಮನಿಸಬೇಕಾದುದು ಇದನ್ನೇ. ಬೈಗುಳದ ಭಯವಿರುವ ಮನೆಯಲ್ಲಿ ಮಕ್ಕಳು ತಾವು ಮಾಡಿದ್ದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟಲ್ಲಿ ಕಾರಣ ಸಿಗುವುದಿಲ್ಲ. ಯಂತ್ರದ ವಿಷಯದಲ್ಲಿ ಹೀಗೆ ಮುಚ್ಚಿಡಲು ಕಲಿತ ಮಗು ನಾಳೆ ಪರೀಕ್ಷೆಯ ಅಂಕ, ಸ್ನೇಹಿತರ ಸಹವಾಸ, ಮೈಯ ಬೇನೆ ಎಲ್ಲವನ್ನೂ ಮುಚ್ಚಿಡುತ್ತದೆ. ಹಾಳಾದ ರ‍್ಯಾಮ್ ಅಂಗಡಿಯಲ್ಲಿ ಬದಲಾಗಿ ಬರುತ್ತದೆ. ಹಾಳಾದ ನಂಬಿಕೆಗೆ ಅಂಥ ಅಂಗಡಿಯಿಲ್ಲ.

ಮಕ್ಕಳಿಗೂ ಒಂದು ಮಾತು. ನೀವು ಬದಲಾಯಿಸಿದ್ದನ್ನೂ, ಕಳ್ಳದಾರಿಯಿಂದ ತಂದು ಹಾಕಿಕೊಂಡ ಆಟವಿದ್ದರೆ ಅದನ್ನೂ, ನೋಟುಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆಯಿರಿ. ಯಂತ್ರವನ್ನು ಜೋಡಿಸುವುದೂ ದುರಸ್ತಿ ಮಾಡುವುದೂ ಕಾಯಕವೇ. ಆ ಕಾಯಕ ಮಾಡುವವರ ಮುಂದೆ ಕೂಗಾಟದೊಡನೆ ಹೋಗದೆ ಸಾಕ್ಷ್ಯದೊಡನೆ ಹೋದರೆ ನಿಮ್ಮ ಮಾತಿಗೂ ಬೆಲೆ, ಅವರ ದುಡಿಮೆಗೂ ಗೌರವ.

ಹನ್ನೆರಡನೆಯ ಶತಮಾನದ ನಮ್ಮ ಶರಣರು ಯಾವುದನ್ನೂ ಕೇಳದೆ, ವಿಚಾರಿಸದೆ ಒಪ್ಪಿದವರಲ್ಲ. ಅನುಭವ ಮಂಟಪದಲ್ಲಿ ಹಿರಿಯರೂ ಪ್ರಶ್ನೆಗೆ ಉತ್ತರಿಸಬೇಕಾಗಿತ್ತು, ಕಿರಿಯರೂ ಧೈರ್ಯವಾಗಿ ಮಾತನಾಡಬಹುದಾಗಿತ್ತು. ಆ ಪರಂಪರೆಯ ವಾರಸುದಾರರಾದ ನಮ್ಮ ಮನೆಗಳಲ್ಲಿ ನೀಲಿ ಪರದೆಯೊಂದು ಜಗಳಕ್ಕೆ ನೆಪವಾಗುವ ಬದಲು, ತಂದೆ-ಮಕ್ಕಳು ಒಟ್ಟಿಗೆ ಕುಳಿತು ವಿಚಾರಮಾಡುವ ಒಂದು ಸಂಜೆಯಾಗಲಿ ಎಂದು ಹಾರೈಸುತ್ತೇವೆ.