ಬಾರದ ರೈಲು, ಹೊರದ ಹೊಣೆ

ಯಲಹಂಕವನ್ನು ದೇಶ ಬಲ್ಲದ್ದು ಅಲ್ಲಿನ ವಾಯುಪಡೆಯ ನೆಲೆಯಿಂದ ಮತ್ತು 1996ರಿಂದ ಆ ನೆಲೆಯಲ್ಲಿ ನಡೆಯುತ್ತಿರುವ ವೈಮಾನಿಕ ಪ್ರದರ್ಶನದಿಂದ. ಅದೇ ಊರಿನ ರೈಲು ನಿಲ್ದಾಣವನ್ನು ಬಲ್ಲವರು ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರಗಳ ಕಡೆಯಿಂದ ದುಡಿಮೆಗಾಗಿ ಬೆಂಗಳೂರಿಗೆ ಬರುವ ಜನ. ಸಿಕ್ಕ ರೈಲಿಗೆ ದಿನಚರಿಯನ್ನು ಹೊಂದಿಸಿಕೊಂಡು ಬದುಕುವ ಸಹನೆ ಅವರಲ್ಲಿದೆ. ಆ ಸಹನೆಯನ್ನೇ ಸಮ್ಮತಿಯೆಂದು ಆಳುವವರು ಭಾವಿಸಿದಂತಿದೆ.

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಪ್ರಸ್ತಾವ 1983ರಷ್ಟು ಹಳೆಯದು. ಕೇಂದ್ರ ಸಚಿವ ಸಂಪುಟ ಅದಕ್ಕೆ ಅನುಮೋದನೆ ನೀಡಿದ್ದು 2020ರಲ್ಲಿ. 148 ಕಿ.ಮೀ. ಉದ್ದದ, 15,767 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಯ ನಾಲ್ಕು ಮಾರ್ಗಗಳಲ್ಲಿ ಸಂಪಿಗೆ ಮತ್ತು ಕನಕ ಎರಡೂ ಯಲಹಂಕದ ಮೂಲಕವೇ ಹಾದುಹೋಗಬೇಕು. 2022ರ ಜೂನ್ 20ರಂದು ಶಂಕುಸ್ಥಾಪನೆ ನೆರವೇರಿಸಿದ ಪ್ರಧಾನಿಯವರು 40 ತಿಂಗಳ ಗಡುವನ್ನು ಸಾರ್ವಜನಿಕವಾಗಿ ಘೋಷಿಸಿದರು. 2025ರ ಅಕ್ಟೋಬರ್‌ನಲ್ಲಿ ಆ ಗಡುವು ತೀರಿದಾಗ ಯೋಜನೆಯ ಒಂದು ರೈಲೂ ಓಡಿರಲಿಲ್ಲ.

ಕಾರಣಗಳು ಅಗೋಚರವಲ್ಲ. ಯೋಜನೆಯ ಹೊಣೆ ಹೊತ್ತ ಕೆ–ರೈಡ್ ಸಂಸ್ಥೆಗೆ ಬಹುಕಾಲ ಪೂರ್ಣಾವಧಿ ವ್ಯವಸ್ಥಾಪಕ ನಿರ್ದೇಶಕರೇ ಇರಲಿಲ್ಲ. ಸಕಾಲದಲ್ಲಿ ಭೂಮಿ ದೊರೆಯಲಿಲ್ಲವೆಂದು ಮಲ್ಲಿಗೆ ಮತ್ತು ಕನಕ ಮಾರ್ಗಗಳ ಗುತ್ತಿಗೆದಾರರು 2025ರಲ್ಲಿ ಒಪ್ಪಂದದಿಂದ ಹಿಂದೆ ಸರಿದರು. ರಾಜ್ಯ ಕೇಂದ್ರದತ್ತ, ಕೇಂದ್ರ ರಾಜ್ಯದತ್ತ ಬೆರಳು ತೋರುತ್ತಿವೆ. ವೆಚ್ಚದಲ್ಲಿ ತಲಾ ಶೇ 20ರಷ್ಟನ್ನು ಭರಿಸಲು ಒಪ್ಪಿದ ಎರಡು ಸರ್ಕಾರಗಳು ವೈಫಲ್ಯದಲ್ಲಿ ಪಾಲು ನಿರಾಕರಿಸುವಂತಿಲ್ಲ.

ಉಪೇಕ್ಷೆಯ ಬೆಲೆ ಪ್ರಯಾಣಿಕರ ಬವಣೆಗಷ್ಟೇ ಸೀಮಿತವಲ್ಲ. 2019ರ ಫೆಬ್ರುವರಿ 23ರಂದು ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆ ಮೈದಾನದಲ್ಲಿ ಬೆಂಕಿ ಹೊತ್ತಿಕೊಂಡು ಸುಮಾರು 300 ಕಾರುಗಳು ಭಸ್ಮವಾದವು. ಅದಕ್ಕೆ ರೈಲಿನ ಅಭಾವವೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಜನಸ್ತೋಮ ನೆರೆಯುವುದು ನಿಶ್ಚಿತವಿರುವ ಸ್ಥಳಕ್ಕೆ ಸ್ವಂತ ವಾಹನದ ಹೊರತು ಸುಲಭ ದಾರಿಯಿಲ್ಲದಂತೆ ಮಾಡಿಟ್ಟವರು ಅದರ ಪರಿಣಾಮಗಳನ್ನು ಆಕಸ್ಮಿಕವೆಂದು ಕರೆದು ಕೈತೊಳೆದುಕೊಳ್ಳಲಾಗದು. ಹಳಿಗಳು ಊರಿನ ನಡುವೆಯೇ ಇದ್ದವು. ಅವುಗಳ ಮೇಲೆ ಸಾಕಷ್ಟು ರೈಲುಗಳನ್ನು ಓಡಿಸುವ ಇಚ್ಛೆ ಇರಲಿಲ್ಲ.

ವಿಳಂಬದಿಂದ ಹೆಚ್ಚುವ ವೆಚ್ಚವನ್ನು ಕಟ್ಟಕಡೆಗೆ ತೆರುವವರು ಇಂದು ನಿಲ್ದಾಣದಲ್ಲಿ ಕಾಯುತ್ತಿರುವ ಜನರೇ. ಹೊಸ ಗಡುವಿನ ಮೌಖಿಕ ಘೋಷಣೆ ಅವರಿಗೆ ಬೇಕಿಲ್ಲ. ಉಳಿದ ಭೂಮಿ ಎಂದು ಹಸ್ತಾಂತರವಾಗುತ್ತದೆ, ಯಲಹಂಕಕ್ಕೆ ಮೊದಲ ಉಪನಗರ ರೈಲು ಎಂದು ಬರುತ್ತದೆ, ತಪ್ಪಿದರೆ ಉತ್ತರಿಸುವವರು ಯಾರು ಎಂಬುದನ್ನು ಎರಡೂ ಸರ್ಕಾರಗಳು ಜಂಟಿಯಾಗಿ, ಲಿಖಿತವಾಗಿ ಶಾಸನಸಭೆಯ ಮುಂದೆ ಮಂಡಿಸಬೇಕು.