ಮಡಿಚಿಟ್ಟ ಚೀಟಿ

ಒಂದು ಮಿಕ್ಸಿ ಕೊಂಡರೆ ಜೊತೆಗೊಂದು ಪುಸ್ತಕ ಕೊಡುತ್ತಾರೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ಇಷ್ಟೇ ಹೊತ್ತು ತಿರುಗಿಸಿ ಎಂದೆಲ್ಲ ಅದರಲ್ಲಿರುತ್ತದೆ. ಹೊಟ್ಟೆಯೊಳಗೆ ಹೋಗುವ ಮಾತ್ರೆಗೆ ಮಾತ್ರ ಈ ಮರ್ಯಾದೆ ಇಲ್ಲ. ಔಷಧದಂಗಡಿಯವನು ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕವರಿಗೆ ಹಾಕಿ ಕೊಡುತ್ತಾನೆ. ಗುಣದೋಷ ಬರೆದ ಚೀಟಿ ಇದ್ದರೂ ಅದು ಡಬ್ಬಿಯಲ್ಲೇ ಉಳಿಯುತ್ತದೆ. ಕೇಳಿ ಪಡೆದರೂ ಏನು ಭಾಗ್ಯ? ಇರುವೆ ಸಾಲಿನಂಥ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಮೇಲೆ ‘ನೋಂದಾಯಿತ ವೈದ್ಯರ ಉಪಯೋಗಕ್ಕೆ ಮಾತ್ರ’ ಎಂಬ ಒಕ್ಕಣೆ ಬೇರೆ. ನುಂಗುವವಳು ನಾನು, ಓದುವ ಹಕ್ಕು ಇನ್ನೊಬ್ಬರಿಗೆ!

ಕೆಲವು ವರ್ಷಗಳ ಹಿಂದೆ ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ಮಾತ್ರೆ ಶುರುವಾದ ಮೇಲೆ ನನ್ನ ಪಾದಗಳು ಊದತೊಡಗಿದವು. ಡಾಕ್ಟರ ಬಾಗಿಲಲ್ಲಿ ಐವತ್ತು ಜನರ ಸಾಲು. ಮಾತ್ರೆಯಿಂದಲೇ ಹೀಗಾಗುವುದುಂಟೇ ಎಂದು ತಯಾರಿಸಿದ ಕಂಪನಿಗೇ ಪತ್ರ ಬರೆದೆ. ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ‘ನಿಮ್ಮ ವೈದ್ಯರನ್ನು ಕೇಳಿ.’ ಪಾದ ಊದುವುದು ಈ ಔಷಧದ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ, ಅವರದೇ ಚೀಟಿಯಲ್ಲಿ ಅಚ್ಚಾಗಿದೆ ಎಂದು ಆಮೇಲೆ ತಿಳಿಯಿತು. ಅಷ್ಟನ್ನೇ ಬರೆದು, ‘ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ’ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ರೋಗಿಗೆ ಎಲ್ಲ ಹೇಳಿದರೆ ತಾವೇ ವೈದ್ಯ ಮಾಡಿಕೊಳ್ಳುತ್ತಾರೆ ಎನ್ನುವುದು ಕಂಪನಿಗಳ ವಾದ. ಸರಿ, ವೈದ್ಯರಿಗಾದರೂ ಎಲ್ಲ ಹೇಳುತ್ತಾರೆಯೇ? ಅಮೆರಿಕದ ಮರ್ಕ್ ಕಂಪನಿಯ ವಯಾಕ್ಸ್ ಎಂಬ ಕೀಲುನೋವಿನ ಮಾತ್ರೆಯ ಕಥೆ ಕೇಳಿ. ಸುಮಾರು 8,000 ರೋಗಿಗಳ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಹೋಲಿಕೆಗೆ ಹಳೆಯ ಮಾತ್ರೆ ಪಡೆದವರಿಗಿಂತ ವಯಾಕ್ಸ್ ನುಂಗಿದವರಲ್ಲಿ ಹೃದಯಾಘಾತ ಹೆಚ್ಚಾಗಿತ್ತು. ಕಂಪನಿಯಾದರೋ ತನ್ನ ಮಾರಾಟ ಪ್ರತಿನಿಧಿಗಳಿಗೆ ‘ಡಾಡ್ಜ್ ಬಾಲ್’ ಎಂಬ ಆಟ ಕಲಿಸಿತು. ವೈದ್ಯರು ಕೇಳಬಹುದಾದ ಪ್ರಶ್ನೆಗಳೇ ಅದರಲ್ಲಿ ಚೆಂಡು. ಕೆಲವು ಕಾರ್ಡುಗಳ ಮೇಲೆ ಇದ್ದದ್ದು ಒಂದೇ ಮಾತು: ತಪ್ಪಿಸಿಕೊ! 2004ರ ಸೆಪ್ಟೆಂಬರಿನಲ್ಲಿ ಕಂಪನಿ ಮಾತ್ರೆಯನ್ನು ಹಿಂತೆಗೆದುಕೊಂಡಿತು. ಡಿಸೆಂಬರಿನಲ್ಲಿ ನಮ್ಮ ದೇಶವೂ ಆ ಔಷಧವನ್ನು, ಅಂದರೆ ರೋಫೆಕಾಕ್ಸಿಬನ್ನು, ನಿಷೇಧಿಸಿತು. ಆಟದ ಕಾಗದಗಳು ಅಮೆರಿಕದ ಸಂಸತ್ ಸಮಿತಿಯಲ್ಲಿ ಬಯಲಾದದ್ದು 2005ರಲ್ಲಿ.

ನಮ್ಮನ್ನು ವೈದ್ಯರ ಬಳಿಗೆ ಅಟ್ಟುವುದು, ವೈದ್ಯರು ಕೇಳಿದರೆ ನುಣುಚಿಕೊಳ್ಳುವುದು! ಹಾಗಾದರೆ ಸತ್ಯ ಗೊತ್ತಾಗಬೇಕಾದದ್ದು ಯಾರಿಗೆ?

ಔಷಧದಿಂದ ತೊಂದರೆಯಾದರೆ ನಾವೇ ದೂರು ಕೊಡಬಹುದು. 2010ರಲ್ಲಿ ಶುರುವಾದ ಭಾರತದ ಔಷಧ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024. ಆದರೆ ಯಾವುದು ತೊಂದರೆ ಎಂದು ತಿಳಿಯುವುದಕ್ಕೂ ಮೊದಲು ಮಾಹಿತಿ ಬೇಕಲ್ಲ? ಪ್ರತಿ ಪಟ್ಟಿಯ ಜೊತೆ, ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟರೂ ಸರಿ, ದಪ್ಪ ಅಕ್ಷರದ ಕನ್ನಡ ಚೀಟಿ ಬರಬೇಕು. ಬರೆದು ಕೇಳಿದವರಿಗೆ ಅವರ ಭಾಷೆಯಲ್ಲಿ ನೇರ ಉತ್ತರ ಕೊಡಬೇಕು. ಇದು ಉಪಕಾರವಲ್ಲ, ನಾವು ಕೊಟ್ಟ ದುಡ್ಡಿಗೆ ಸಲ್ಲಬೇಕಾದದ್ದು.

ಸಂತೆಯಲ್ಲಿ ಬದನೆಕಾಯನ್ನು ತಿರುಗಿಸಿ ತಿರುಗಿಸಿ ಹುಳುಕು ಹುಡುಕುವವರು ನಾವು. ಮಾತ್ರೆಯ ಅಂಗಡಿಯಲ್ಲಿ ಮಾತ್ರ ಬಾಯಿ ಮುಚ್ಚಿ ಕೈ ಚಾಚುವುದೇಕೆ?