ಲೊಕೇಶನ್ ಕೇಳುವವರೇ, ಮೊದಲು ತಿಂಗಳು ಕೇಳಿ

ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಹುಣಸೂರು ದಾಟಿದ ಮೇಲೆ, ಪಿರಿಯಾಪಟ್ಟಣಕ್ಕೆ ಮೊದಲು ಸಿಗುವ ಊರು ನಮ್ಮ ಕಂಪಲಾಪುರ. ಶನಿವಾರ ಬೆಳಿಗ್ಗೆ ಕಾರು, ಬೈಕುಗಳ ಸಾಲು ಕೊಡಗಿನ ಕಡೆಗೆ ಹೋಗುತ್ತದೆ. ಭಾನುವಾರ ಸಂಜೆ ಅದೇ ಸಾಲು ವಾಪಸ್. ಟೀ ಕುಡಿಯಲು ನಿಂತವರ ಕೊರಳಲ್ಲಿ ಕ್ಯಾಮೆರಾ ಇದ್ದರೆ ಒಂದು ಪ್ರಶ್ನೆ ಗ್ಯಾರಂಟಿ: ‘ಬ್ರೋ, ಇಲ್ಲಿ ಹತ್ತಿರದಲ್ಲಿ ಒಳ್ಳೆ ಲೊಕೇಶನ್ ಯಾವುದಿದೆ?’

ಪದವಿ ಮುಗಿಸಿ, ಒಂದು ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ, ಇನ್ನೊಂದು ಕಡೆ ಮದುವೆ ಸೀಸನ್ನಿನಲ್ಲಿ ಫೋಟೊಗ್ರಾಫರ್‌ಗಳಿಗೆ ಸಹಾಯಕನಾಗಿ ಹೋಗುವವನು ನಾನು. ಈ ಪ್ರಶ್ನೆ ಕೇಳಿಸಿಕೊಂಡು ಅಭ್ಯಾಸವಾಗಿದೆ. ಆದರೆ ನನ್ನ ಪ್ರಕಾರ ಇದು ಅರ್ಧ ಪ್ರಶ್ನೆ. ‘ಎಲ್ಲಿ’ ಅಂತ ಕೇಳುವವರು ‘ಯಾವಾಗ’ ಮತ್ತು ‘ಯಾರನ್ನು ಕೇಳಬೇಕು’ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಹಾಗಾಗಿಯೇ ಎಲ್ಲರ ಮೊಬೈಲ್‌ನಲ್ಲೂ ಅದೇ ರಾಜಾಸೀಟ್, ಅದೇ ಅಬ್ಬಿ ಜಲಪಾತ, ಅದೇ ಮಾಂದಲ್‌ಪಟ್ಟಿಯ ಜೀಪು.

ಮ್ಯಾಪ್ ಜಾಗ ತೋರಿಸುತ್ತದೆ, ಕಾಲ ತೋರಿಸುವುದಿಲ್ಲ. ಕಾಲ ಗೊತ್ತಿರುವುದು ಊರಿನವರಿಗೆ. ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಜನವರಿಯಲ್ಲಿ ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ. ರೈತರು ಸಿಂಗರಿಸಿ ತಂದ ಜೋಡೆತ್ತುಗಳು, ಪಕ್ಕದಲ್ಲೇ ಕಾವೇರಿ. ಅದೇ ಚುಂಚನಕಟ್ಟೆಯ ಜಲಪಾತ ನೋಡಬೇಕೆಂದರೆ ಮಳೆಗಾಲದಲ್ಲೇ ಹೋಗಬೇಕು. ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬೈಲಕುಪ್ಪೆಯ ಟಿಬೆಟನ್ನರಿಗೆ ಲೋಸಾರ್, ಅಂದರೆ ಹೊಸ ವರ್ಷ. ಅದಕ್ಕೂ ಮುಂಚಿನ ದಿನಗಳಲ್ಲಿ ಭಿಕ್ಷುಗಳು ಮುಖವಾಡ ತೊಟ್ಟು ಕುಣಿಯುತ್ತಾರೆ. ಬೇಸಿಗೆಯಲ್ಲಿ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರು ಇಳಿದು, ಹಸಿರು ಹುಲ್ಲು ಬಂದ ಕಡೆ ಆನೆಗಳ ಹಿಂಡು ಸೇರುತ್ತದೆ. ದಸರಾಕ್ಕೆ ಒಂದೆರಡು ತಿಂಗಳು ಮೊದಲು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣ. ಮೈಸೂರಿಗೆ ಹೊರಡುವ ಆನೆಗಳಿಗೆ ಅಲ್ಲೇ ಪೂಜೆ. ಮಳೆ ನಿಂತು ಆಕಾಶ ತೊಳೆದಂತಾದಾಗ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಹತ್ತಬೇಕು. ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಮೇಲೆ ನಿಂತರೆ ಕೆಳಗೆ ಹೊಲ, ಕೆರೆ, ಊರುಗಳು, ಪಶ್ಚಿಮಕ್ಕೆ ಕೊಡಗಿನ ಮಲೆಗಳ ಸಾಲು. ಬೆಟ್ಟದ ಸೀಮೆಯನ್ನು ಫೋಟೊ ತೆಗೆಯಲು ಬೆಟ್ಟದ ಸೀಮೆಯ ಒಳಗೇ ಇರಬೇಕೆಂದಿಲ್ಲ. ಬುಡದಲ್ಲಿ ನಿಂತವನಿಗೆ ಕೆಲವೊಮ್ಮೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಇನ್ನು ನಮ್ಮೂರಿನ ಕಾಲ. ಜುಲೈ, ಆಗಸ್ಟ್ ಬಂತೆಂದರೆ ಈ ಭಾಗದ ಹಳ್ಳಿಗಳಲ್ಲಿ ಯಾರಿಗೂ ಬಿಡುವಿಲ್ಲ. ವರ್ಜೀನಿಯಾ ತಂಬಾಕಿನ ಎಲೆ ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಸಾಲುಸಾಲಾಗಿ ತೂಗುಹಾಕಿ, ಸೌದೆಯ ಬಿಸಿಯಲ್ಲಿ ಹೆಚ್ಚುಕಡಿಮೆ ಒಂದು ವಾರ ಹದ ಮಾಡುತ್ತಾರೆ. ರಾತ್ರಿಯಿಡೀ ಬೆಂಕಿ ಕಾಯಬೇಕು. ಉರಿ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಹಸಿರಾಗಿ ಒಳಗೆ ಹೋದ ಎಲೆ ಹೊಂಬಣ್ಣವಾಗಿ ಹೊರಗೆ ಬರುತ್ತದೆ. ಆಮೇಲೆ ಬೇಲ್ ಕಟ್ಟಿ ಹರಾಜು ಮಾರುಕಟ್ಟೆಗೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ನಮ್ಮ ಕಂಪಲಾಪುರದಲ್ಲೂ ಇದೆ.

ಒಮ್ಮೆ ಗೆಳೆಯನೊಬ್ಬ ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿದ. ಬೆಳಗಿನ ಹೊತ್ತು, ಹೆಂಚಿನ ಮಾಡು, ಬಿಳಿ ತೆರೆಯೊಳಗಿಂದ ಬೀಳುವ ಎಳೆ ಬಿಸಿಲು. ಸಾವಿರಾರು ಲೈಕ್. ಕೆಳಗೆ ‘ಮಂಜು ಮುಸುಕಿದ ಕೂರ್ಗ್ ಹಳ್ಳಿ’ ಎಂಬ ಸಾಲು. ಊರು ನಮ್ಮ ತಾಲ್ಲೂಕಿನದು, ಮಂಜು ಅಂದುಕೊಂಡದ್ದು ಬ್ಯಾರನ್ ಹೊಗೆ! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಯೋಚಿಸಿದಾಗ ನಗು ಬರಲಿಲ್ಲ. ಆ ಹೊಗೆಯ ಹಿಂದೆ ಒಂದು ಮನೆಯ ವರ್ಷದ ಸಾಲ ಇರುತ್ತದೆ, ಕಡ್ಡಿಗೆ ಎಲೆ ಕಟ್ಟುವ ಹೆಂಗಸರ ಅಂಟು ಹಿಡಿದ ಕೈ ಇರುತ್ತದೆ, ಉರಿದುಹೋದ ಮರ ಇರುತ್ತದೆ, ಆರೋಗ್ಯಕ್ಕೆ ಕೆಟ್ಟದ್ದೆಂದು ಗೊತ್ತಿದ್ದೂ ಬಿಡಲಾಗದ ಬೆಳೆಯ ಸಂಕಟ ಇರುತ್ತದೆ. ‘ಇದೇನು ಹೊಗೆ?’ ಅಂತ ಒಂದು ಮಾತು ಕೇಳಿದ್ದರೆ ಆ ಫೋಟೊ ಎಷ್ಟು ದೊಡ್ಡದಾಗುತ್ತಿತ್ತು! ಕೇಳದ್ದರಿಂದ ಚಂದ ಮಾತ್ರ ಉಳಿಯಿತು, ಊರು ಹೋಯಿತು.

ಕೇಳುವುದೆಂದರೆ ಅನುಮತಿಯೂ ಹೌದು. ಬೈಲಕುಪ್ಪೆಯಲ್ಲಿ ಟಿಬೆಟನ್ನರು ನೆಲೆ ಕಂಡುಕೊಂಡದ್ದು 1961ರಲ್ಲಿ. ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಶುರುವಾಯಿತು. ನಾವು ‘ಗೋಲ್ಡನ್ ಟೆಂಪಲ್’ ಅಂತ ಸೆಲ್ಫಿ ತೆಗೆದುಕೊಳ್ಳುವ ಆವರಣ ಭಿಕ್ಷುಗಳಿಗೆ ಮನೆ, ಶಾಲೆ ಎರಡೂ. ಊಟಕ್ಕೆ ಹೋಗುತ್ತಿರುವ ಎಂಟು ಹತ್ತು ವರ್ಷದ ಹುಡುಗನ ಮುಖದ ಮುಂದೆ ಲೆನ್ಸ್ ಹಿಡಿಯುವವರನ್ನು ನೋಡಿದ್ದೇನೆ. ನಮ್ಮ ಹಾಸ್ಟೆಲ್ಲಿಗೆ ಬಂದು ಯಾರಾದರೂ ಹೀಗೆ ಮಾಡಿದರೆ ಸುಮ್ಮನಿರುತ್ತೇವೆಯೇ? ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ನಾಗರಹೊಳೆ ಕಾಡಿನಿಂದ ಹೊರಗೆ ಬರಬೇಕಾದ ಜೇನುಕುರುಬ ಕುಟುಂಬಗಳ ನೋವು ಇನ್ನೂ ಆರಿಲ್ಲ. ಅವರ ಗುಡಿಸಲು, ಮಕ್ಕಳು ಯಾರದೋ ಪೇಜಿನ ‘ಕಲ್ಚರ್’ ಸಾಮಗ್ರಿಯಲ್ಲ.

ಕೇಳದೆ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಬೆಟ್ಟಗಳ ದೇಶಗಳಲ್ಲೇ ಉದಾಹರಣೆಗಳಿವೆ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಪುಟ್ಟ ಊರಿನಲ್ಲಿ 2023ರಲ್ಲಿ ಸೆಲ್ಫಿ ಜಾಗಕ್ಕೆ ಅಡ್ಡವಾಗಿ ಮರದ ಬೇಲಿ ಹಾಕಿದರು, ಟೀಕೆ ಬಂದ ಮೇಲೆ ತೆಗೆದರು. ಜಪಾನಿನ ಫುಜಿಕವಾಗುಚಿಕೊ ಪಟ್ಟಣದವರು 2024ರಲ್ಲಿ ಫುಜಿ ಪರ್ವತವೇ ಕಾಣದ ಹಾಗೆ ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿದರು. ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್‌ನಲ್ಲಿ ಕೊರಿಯಾದ ಒಂದು ಧಾರಾವಾಹಿಯಿಂದ ಹೆಸರಾದ ಕಟ್ಟೆಯ ಮೇಲೆ ನಿಲ್ಲಲು 5 ಫ್ರಾಂಕ್ ಕೊಡಬೇಕು. ನಮ್ಮಲ್ಲೇ 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿ, ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಬೇಕಾಯಿತು. ಇದಕ್ಕೆ ವಿರುದ್ಧವಾಗಿ ಭೂತಾನ್ ಮೊದಲೇ ನಿಯಮ ಹೇಳಿಬಿಡುತ್ತದೆ: ದೇಗುಲಗಳ ಒಳಗೆ ಕ್ಯಾಮೆರಾ ಇಲ್ಲ, ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಆದರೂ ಅಲ್ಲಿಂದ ಒಳ್ಳೆಯ ಫೋಟೊಗಳು ಬರುತ್ತಲೇ ಇವೆ.

‘ಈಗ ನೀನೇ ಪೇಪರ್‌ನಲ್ಲಿ ಜಾಗಗಳ ಪಟ್ಟಿ ಕೊಟ್ಟೆಯಲ್ಲ, ನಾಳೆ ಅಲ್ಲೂ ಜಾತ್ರೆಯಾಗುವುದಿಲ್ಲವೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಹೆಸರಿಸಿದ್ದು ಜಾತ್ರೆ, ಬೆಟ್ಟ, ಮಠ, ಗಜಪಯಣದಂಥ, ಜನ ಬರಲೆಂದೇ ಇರುವ ಜಾಗಗಳನ್ನು. ಯಾರದೋ ಬ್ಯಾರನ್, ಯಾವುದೋ ಹಾಡಿ, ಕಾಡಿನೊಳಗಿನ ತೊರೆ ಇವುಗಳ ಪಿನ್ ಹಾಕಬಾರದು ಎಂಬುದೇ ನನ್ನ ವಾದ. ತಾಲ್ಲೂಕಿನ ಹೆಸರು ಬರೆದರೆ ಸಾಕು. ಉಳಿದದ್ದನ್ನು ಬಂದವರು ಕೇಳಿ ತಿಳಿದುಕೊಳ್ಳಲಿ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ಅಪರಾಧ ಎಂಬುದಂತೂ ನೆನಪಿರಲಿ.

ಇದರಲ್ಲಿ ನಮ್ಮಂಥ ಕೆಲಸ ಹುಡುಕುವ ಹುಡುಗ ಹುಡುಗಿಯರ ಪಾಲೂ ಇದೆ. ಯಾವ ವಾರ ಯಾರ ಬ್ಯಾರನ್ ತುಂಬುತ್ತದೆ, ಯಾವ ಕೆರೆಯ ಏರಿಯ ಮೇಲೆ ಎಷ್ಟು ಗಂಟೆಗೆ ಬಿಸಿಲು ಬೀಳುತ್ತದೆ, ಯಾವ ಅಜ್ಜಿ ಫೋಟೊಗೆ ಒಪ್ಪುತ್ತಾರೆ, ಯಾರು ಬೈಯುತ್ತಾರೆ ಎಂಬುದು ನಮಗೆ ಗೊತ್ತು. ಇದನ್ನು ನಾವು ಜ್ಞಾನ ಅಂದುಕೊಂಡೇ ಇಲ್ಲ. ಟೀ ಅಂಗಡಿ ಮುಂದೆ ನಿಂತು ಬಿಟ್ಟಿ ಹೇಳಿ ಕಳಿಸುತ್ತೇವೆ. ಸಿನಿಮಾದವರು ಲೊಕೇಶನ್ ಹುಡುಕುವವನಿಗೆ ಸಂಬಳ ಕೊಡುತ್ತಾರೆ. ಅದೇ ಕೆಲಸಕ್ಕೆ, ಒಂದು ದಿನ ಜತೆಗೆ ಬಂದು ದಾರಿ, ಭಾಷೆ, ಅನುಮತಿ ಎಲ್ಲವನ್ನೂ ನೋಡಿಕೊಳ್ಳುವ ಊರಿನ ಹುಡುಗನಿಗೆ ಕೂಲಿ ಯಾಕಿರಬಾರದು? ಬ್ಯಾರನ್‌ನಲ್ಲಿ ಕೆಲಸ ನಿಲ್ಲಿಸಿ ಫೋಟೊಗೆ ನಿಂತವರಿಗೂ ಅದರಲ್ಲಿ ಪಾಲು ಯಾಕಿರಬಾರದು? ಇದರಿಂದ ಎಲ್ಲರಿಗೂ ಉದ್ಯೋಗ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಪರೀಕ್ಷೆಗೆ ಓದುವುದನ್ನು ನಾನೂ ಬಿಟ್ಟಿಲ್ಲ. ಆದರೆ ಅರ್ಜಿ ಹಾಕಿ ಕಾಯುವ ತಿಂಗಳುಗಳಲ್ಲಿ ಪುಸ್ತಕ, ಬಸ್ ಚಾರ್ಜಿನ ಖರ್ಚಾದರೂ ಹುಟ್ಟುತ್ತದೆ.

ಶುರು ಮಾಡಲು ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು. ನಿಮ್ಮ ಊರಿನ ಸುತ್ತ ಇಪ್ಪತ್ತು ಕಿಲೊಮೀಟರ್‌ನಲ್ಲಿ ಹನ್ನೆರಡು ತಿಂಗಳು ಏನೇನು ನಡೆಯುತ್ತದೆ, ಅದಕ್ಕೆ ಯಾರ ಒಪ್ಪಿಗೆ ಬೇಕು ಎಂದು ಬರೆಯುತ್ತಾ ಹೋಗಿ. ಈ ವಾರ ಈ ತಿಂಗಳಿಂದಲೇ ಶುರುಮಾಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅರ್ಧ ಪುಸ್ತಕ ಒಂದೇ ಸಂಜೆಯಲ್ಲಿ ತುಂಬುತ್ತದೆ.